ವೈದ್ಯವೀರ ನೋಯೆಲ್ ಷವಾಸ್

ಶೌರ್ಯವೆಂಬ ಮಾತು ಕಿವಿಗೆ ಬಿದ್ದೊಡನೆ ಲೋಕದ ಜನರ ಮನಸ್ಸಿನಲ್ಲಿ ಮೂಡುವುದು ಆಯುಧಪಾಣಿಯಾಗಿ ಶತ್ರುಸೈನ್ಯವನ್ನು ಇದಿರಿಸಿ ನಿಂತ ಯೋಧನ ಮೂರ್ತಿ. ಈ ಭಾವನೆಯು ತಪ್ಪೆಂದು ಹೇಳಲಾಗದು. ಆದರೆ ಅಷ್ಟರಿಂದಲೇ ಶೌರ್ಯದ ಅರ್ಥವು ಮುಗಿಯುವುದಿಲ್ಲ. ಕೊಲ್ಲುವುದಕ್ಕೆ ಬೇಕಾಗುವ ಧೈರ್ಯವೊಂದುಂಟು, ಕಾಯುವುದಕ್ಕೆ ಬೇಕಾಗುವ ಧೈರ್ಯವೊಂದುಂಟು. ಮೊದಲನೆಯದಕ್ಕೆ ರೋಷವು ನೆರವಾಗುತ್ತದೆ. ಎರಡನೆಯದಕ್ಕೆ ಕರುಣೆಯೊಂದೇ ಆಸರೆ. ಈ ಎರಡನೆಯ ಬಗೆಯ ಧೈರ್ಯಕ್ಕೆ ಉಜ್ಜ್ವಲವಾದ ನಿದರ್ಶನವಾಗಿ ಬಾಳಿ, ತನ್ನ 32ನೆಯ ವಯಸ್ಸಿನಲ್ಲಿಯೇ ರಣರಂಗದಲ್ಲಿ ದೇಹವನ್ನು ತೊರೆದ ಮಹನೀಯನು ಕ್ಯಾಪ್ಟನ್ ನೋಯೆಲ್ ಗಾಡ್‌ಫ್ರೆ ಷವಾಸ್. ಬ್ರಿಟಿಷ್ ಸೈನ್ಯದಲ್ಲಿ ಪರಾಕ್ರಮಕ್ಕಾಗಿ ಕೊಡಲ್ಪಡುವ ಪದಕಗಳಲ್ಲಿ ಸರ್ವಶ್ರೇಷ್ಠವಾದುದು 1856ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಕ್ರಾಸ್. ಅದನ್ನು ಎರಡು ಸಾರಿ ಪಡೆದವರು ಇಂದಿನವರೆಗೆ ಮೂವರೇ. 1914ರಿಂದ 1918ರವರೆಗೆ ನಡೆದ ಮಹಾಯುದ್ಧದ ಅವಧಿಯಲ್ಲಿಯೇ ಎರಡನ್ನೂ ಗಳಿಸಿದವನು ಈತನೊಬ್ಬನೇ. ಆ ಎರಡೂ ಪದಕಗಳು ಈತನಿಗೆ ಬಂದುದು ಒಬ್ಬನನ್ನಾದರೂ ಕೊಂದುದಕ್ಕಾಗಿ ಅಲ್ಲ, ಸಾಯುತ್ತಿದ್ದವರನ್ನು ಹೊತ್ತು ತಂದುದಕ್ಕಾಗಿ.

ನೋಯೆಲನು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ 1884ನೆಯ ಇಸವಿ ನವೆಂಬರ್ ತಿಂಗಳ 9ನೆಯ ತಾರೀಖಿನಂದು ಜನಿಸಿದನು. ಕ್ರಿಸ್ಟಫರನು ಈತನ ಅವಳಿ ಸೋದರ. ತಂದೆಯಾದ ಫ್ರಾನ್ಸಿಸ್ ಜೇಮ್ಸ್ ಷವಾಸನು ಆ ಕಾಲದಲ್ಲಿ ಹೆಸರಾಂತ ಕ್ರೈಸ್ತ ಪಂಡಿತನು. ಪಾದ್ರಿಗಳಿಗೆ ಶಿಕ್ಷಣವನ್ನು ಕೊಡುವ ವಿಕ್ಲಿಫ್ ಹಾಲ್ ಎಂಬ ಆಕ್ಸ್‌ಫರ್ಡಿನ ಸಂಸ್ಥೆಗೆ ಮುಖ್ಯನಾಗಿದ್ದು, 1900ರಲ್ಲಿ ಲಿವರ್‌ಪೂಲ್ ನಗರದ ಬಿಷಪ್ ಪದವಿಗೆ ಏರಿದನು. ಮನೆಯಲ್ಲಿ ಏಳು ಮಂದಿ ಮಕ್ಕಳು. ಹಿರಿಯಳಾದ ಡೊರೊಥಿಯಾ, ಬಳಿಕ ಈ ಅವಳಿ ಗಂಡುಮಕ್ಕಳು, ಅವರ ಹಿಂದೆ ಅವಳಿ ಹೆಣ್ಣುಮಕ್ಕಳು, ಕೊನೆಯಲ್ಲಿ ಬರ್ನಾರ್ಡ್ ಮತ್ತು ಏಡನ್. ಧರ್ಮನಿಷ್ಠೆ, ಮಿತವ್ಯಯ, ದೀನರ ವಿಷಯದಲ್ಲಿ ಮರುಕ, ಇವು ಆ ಮನೆಯ ನಿತ್ಯಪಾಠಗಳಾಗಿದ್ದುವು. ವಂಶದಲ್ಲಿ ಶಸ್ತ್ರವೈದ್ಯರು ಹಲವರು ಆಗಿಹೋಗಿದ್ದರು. ಹೀಗೆ ತಂದೆಯಿಂದ ಬಂದ ಧರ್ಮಶ್ರದ್ಧೆಯೂ ಕುಲದಿಂದ ಬಂದ ವೈದ್ಯಾಸಕ್ತಿಯೂ ನೋಯೆಲನಲ್ಲಿ ಒಂದುಗೂಡಿದುವು.

ಬಾಲ್ಯದಲ್ಲಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜು ಶಾಲೆಯಲ್ಲಿಯೂ ಅನಂತರ ಲಿವರ್‌ಪೂಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದ ಈ ಸೋದರರಿಬ್ಬರು 1904ರಲ್ಲಿ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜನ್ನು ಸೇರಿದರು. ರೂಪದಲ್ಲಿಯೂ ನಡೆಯಲ್ಲಿಯೂ ಒಬ್ಬರನ್ನೊಬ್ಬರು ಹೋಲುತ್ತಿದ್ದ ಇವರು ಪುಸ್ತಕದಲ್ಲಿ ತೋರಿದಷ್ಟೇ ಆಸಕ್ತಿಯನ್ನು ಆಟದ ಬಯಲಿನಲ್ಲಿಯೂ ತೋರಿದರು. ಓಟದಲ್ಲಿ ಇಬ್ಬರೂ ವಿಶ್ವವಿದ್ಯಾನಿಲಯದ ಪರವಾಗಿ ಸ್ಪರ್ಧಿಸಿ, ಅಲ್ಲಿನ ಕ್ರೀಡಾಪಟುಗಳಿಗೆ ದೊರೆಯುವ ನೀಲಿ ಬಣ್ಣದ ಗೌರವವನ್ನು ಪಡೆದರು. 1907ರ ಅಂತಿಮ ಪರೀಕ್ಷೆಯಲ್ಲಿ ನೋಯೆಲನು ಪ್ರಥಮವರ್ಗದಲ್ಲಿ ಉತ್ತೀರ್ಣನಾದನು, ಕ್ರಿಸ್ಟಫರನಿಗೆ ಅಪಜಯವಾಯಿತು. ಇದರಿಂದ ಸೋದರರ ಪ್ರೇಮಕ್ಕೆ ಕುಂದು ಬರಲಿಲ್ಲ. ಇಬ್ಬರೂ ಇನ್ನೊಂದು ವರ್ಷ ಆಕ್ಸ್‌ಫರ್ಡಿನಲ್ಲಿಯೇ ಜೊತೆಯಾಗಿ ಉಳಿದರು.

1908ರಲ್ಲಿ ಒಲಿಂಪಿಕ್ ಕ್ರೀಡೆಗಳು ಲಂಡನ್ನಿನಲ್ಲಿ ನೆರವೇರಿದುವು. 400 ಮೀಟರ್ ಓಟದಲ್ಲಿ ಗ್ರೇಟ್ ಬ್ರಿಟನ್ನಿನ ಪರವಾಗಿ ಷವಾಸ್ ಸೋದರರಿಬ್ಬರೂ ಓಡಿದರು. ಮೊದಲ ಸುತ್ತಿನ ಪ್ರತಿಯೊಂದು ತಂಡದಲ್ಲಿಯೂ ಗೆದ್ದವನೊಬ್ಬನೇ ಮುಂದಿನ ಸುತ್ತಿಗೆ ಅರ್ಹನೆಂಬುದು ಅಂದಿನ ನಿಯಮ. ಕ್ರಿಸ್ಟಫರನು ತನ್ನ ತಂಡದಲ್ಲಿ ಎರಡನೆಯವನಾಗಿಯೂ ನೋಯೆಲನು ತನ್ನ ತಂಡದಲ್ಲಿ ಮೂರನೆಯವನಾಗಿಯೂ ಬಂದು ಅಲ್ಲಿಗೇ ನಿಂತರು. ಪದಕದ ಆಸೆಯು ಕೈಗೂಡಲಿಲ್ಲ. ಆದರೆ ಈ ಓಟದ ಸ್ವಭಾವವನ್ನು ಬಲ್ಲವರು ಒಂದು ಮಾತನ್ನು ಒಪ್ಪುವರು. 400 ಮೀಟರಿನ ಓಟವು ಕೇವಲ ವೇಗದ ಪರೀಕ್ಷೆಯಲ್ಲ. ಕೊನೆಯ 100 ಮೀಟರುಗಳಲ್ಲಿ ಕಾಲುಗಳು ಸೀಸದಂತೆ ಭಾರವಾಗಿ, ಉಸಿರು ಸಾಲದೆ, ದೇಹವೆಲ್ಲವೂ ನಿಲ್ಲೆಂದು ಕೂಗುವಾಗ ನಿಲ್ಲದಿರುವವನು ಮಾತ್ರ ಅದನ್ನು ಓಡಬಲ್ಲನು. ಆ ಅಭ್ಯಾಸವು ನೋಯೆಲನ ದೇಹದಲ್ಲಿ ಶಾಶ್ವತವಾಗಿ ನೆಲಸಿತು. ಅದಕ್ಕೆ ತಕ್ಕ ಕೆಲಸವು ಎಂಟು ವರ್ಷಗಳ ಬಳಿಕ ಒದಗಿಬಂದಿತು.

ಅನಂತರ ಈತನು ಲಿವರ್‌ಪೂಲಿಗೆ ಮರಳಿ ವೈದ್ಯಶಾಸ್ತ್ರದ ಅಭ್ಯಾಸವನ್ನು ಕೈಕೊಂಡನು. ಆ ನಗರದಲ್ಲಿ ಹಡಗುಕಟ್ಟೆಯ ಕೂಲಿಗಳ ಬಡತನವು ಹೇಳತೀರದಂತಿದ್ದಿತು. ಗ್ರಾಫ್ಟನ್ ಬೀದಿಯ ಕೈಗಾರಿಕಾ ಶಾಲೆಯಲ್ಲಿದ್ದ ನಿರ್ಗತಿಕ ಬಾಲಕರೊಡನೆ ಈತನು ತನ್ನ ಬಿಡುವಿನ ವೇಳೆಯನ್ನು ಕಳೆಯುತ್ತಲೂ ಅವರನ್ನು ಹೊರಸಂಚಾರಕ್ಕೆ ಕರೆದೊಯ್ಯುತ್ತಲೂ ಇದ್ದನು. ಈತನ ಗುರುಗಳಲ್ಲಿ ರಾಬರ್ಟ್ ಜೋನ್ಸನು ಪ್ರಮುಖನು. ಮೂಳೆ ಮತ್ತು ಕೀಲುಗಳ ಶಸ್ತ್ರಚಿಕಿತ್ಸೆಯಲ್ಲಿ ಆತನು ಯುಗಪ್ರವರ್ತಕನು. ತೊಡೆಮೂಳೆ ಮುರಿದವರಿಗೆ ಕಟ್ಟುವ ಥಾಮಸ್ ದಬ್ಬೆಯನ್ನು ಮುಂದೆ ಯುದ್ಧರಂಗದಲ್ಲಿ ಪ್ರಚಾರಕ್ಕೆ ತಂದು ಸಾವಿರಾರು ಸೈನಿಕರ ಪ್ರಾಣವನ್ನು ಉಳಿಸಿದವನೂ ಆತನೇ. 1912ರಲ್ಲಿ ವೈದ್ಯನಾಗಿ ನೋಂದಾಯಿತನಾದ ನೋಯೆಲನು ಲಿವರ್‌ಪೂಲಿನ ರಾಯಲ್ ಸದರ್ನ್ ಆಸ್ಪತ್ರೆಯಲ್ಲಿ ಕೆಲಸಮಾಡಿ, ರಾಬರ್ಟ್ ಜೋನ್ಸನ ಕೈಕೆಳಗೆ ಶಸ್ತ್ರವೈದ್ಯದಲ್ಲಿ ನುರಿತನು. 1913ರಲ್ಲಿ ಸೈನ್ಯದ ವೈದ್ಯದಳವನ್ನು ಸೇರಿ, ಲಿವರ್‌ಪೂಲ್ ಸ್ಕಾಟಿಷ್ ಎಂಬ ಹೆಸರಿನ ಪಟಾಲಮಿಗೆ ವೈದ್ಯಾಧಿಕಾರಿಯಾಗಿ ನೇಮಕ ಹೊಂದಿದನು. ಅದು ವೃತ್ತಿಯೋಧರ ದಂಡಲ್ಲ. ಗುಮಾಸ್ತೆಗಳೂ ವರ್ತಕರೂ ವಿದ್ಯಾವಂತ ತರುಣರೂ ಬಿಡುವಿನ ವೇಳೆಯಲ್ಲಿ ಕವಾಯತು ಕಲಿಯುತ್ತಿದ್ದ ಸ್ವಯಂಸೇವಕ ದಂಡು.

1914ರ ಆಗಸ್ಟ್ ತಿಂಗಳಲ್ಲಿ ಯುದ್ಧವು ಪ್ರಾರಂಭವಾಯಿತು. ನವೆಂಬರ್ ಮೊದಲಲ್ಲಿ ಈ ಪಟಾಲಮು ಫ್ರಾನ್ಸ್ ದೇಶದ ತೀರದಲ್ಲಿ ಇಳಿದು, ಬೆಲ್ಜಿಯಮಿನ ಈಪ್ರ್ ಪಟ್ಟಣದ ದಕ್ಷಿಣಕ್ಕೆ ಕಂದಕಗಳನ್ನು ಸೇರಿತು. ಅಲ್ಲಿನ ಮೊದಲನೆಯ ಶತ್ರುವು ಜರ್ಮನರ ಗುಂಡಲ್ಲ. ನೀರು ಮತ್ತು ಚಳಿ. ಮೊಣಕಾಲುದ್ದ ಕೆಸರಿನಲ್ಲಿ ಹಗಲಿರುಳು ನಿಂತವರ ಪಾದಗಳು ಮರಗಟ್ಟಿ, ಊದಿ, ಕೊಳೆಯುತ್ತಿದ್ದುವು. ವೈದ್ಯನಾದವನು ಹಿಂದೆ ಕುಳಿತು ರೋಗಿಗಳ ಬರವನ್ನು ಕಾಯುವುದು ವಾಡಿಕೆ. ನೋಯೆಲನು ಹಾಗೆ ಕಾಯಲಿಲ್ಲ. ಕಂದಕದಿಂದ ಕಂದಕಕ್ಕೆ ಹೋಗಿ ಕಾಲುಗಳನ್ನು ತಾನೇ ಪರೀಕ್ಷಿಸಿದನು, ಎಣ್ಣೆ ತಿಕ್ಕಿಸಿದನು, ಒಣಗಿದ ಕಾಲುಚೀಲಗಳನ್ನು ಕಳುಹಿಸಬೇಕೆಂದು ಮನೆಗೆ ಬರೆದು ತರಿಸಿದನು. ಸರದಿ ಮುಗಿಸಿ ಹಿಂದಿರುಗುವವರಿಗೆ ಬಿಸಿ ಪಾನೀಯವು ಸಿದ್ಧವಾಗಿರುವಂತೆ ಏರ್ಪಡಿಸಿದನು. ಅವರ ಮನಸ್ಸಿಗೆ ವಿನೋದವಾಗಲೆಂದು ಗ್ರಾಮಫೋನನ್ನು ಒದಗಿಸಿದನು. ಗೊಬ್ಬರ ಬೆರೆತ ಆ ಹೊಲಗಳ ಮಣ್ಣು ಗಾಯಕ್ಕೆ ತಗುಲಿದರೆ ಧನುರ್ವಾಯು ಬಂದು ಮರಣವು ಸಂಭವಿಸುವ ಭಯವಿದ್ದುದರಿಂದ, ಗಾಯಗೊಂಡವರಿಗೆ ಅದರ ಪ್ರತಿವಿಷವನ್ನು ಕೂಡಲೇ ಚುಚ್ಚುವುದರಲ್ಲಿ ಬಹಳ ಕಟ್ಟುನಿಟ್ಟಾಗಿದ್ದನು.

ಮನಸ್ಸಿನ ಗಾಯವನ್ನೂ ಈತನು ಗುರುತಿಸಿದನು. ಸಿಡಿಗುಂಡುಗಳ ಆರ್ಭಟದಿಂದ ಎದೆಗೆಟ್ಟು ನಡುಗುವವರನ್ನು ಹೇಡಿಗಳೆಂದು ಜರೆಯುತ್ತಿದ್ದ ಕಾಲ ಅದು. ಅಂತಹವರಿಗೆ ಬುದ್ಧಿಭ್ರಮೆಯಾಗುವುದಕ್ಕೆ ಮುಂಚೆಯೇ ನೋಯೆಲನು ಅವರನ್ನು ತನ್ನ ಚಿಕಿತ್ಸಾಸ್ಥಾನಕ್ಕೆ ಕರೆತಂದು, ಹಗುರವಾದ ಕೆಲಸವನ್ನು ಕೊಟ್ಟು, ಕೆಲವು ದಿನ ವಿಶ್ರಾಂತಿಯಲ್ಲಿ ಇರಿಸಿಕೊಳ್ಳುತ್ತಿದ್ದನು. ಶಿಕ್ಷೆಗೂ ಅಪಮಾನಕ್ಕೂ ಗುರಿಯಾಗಬಹುದಾಗಿದ್ದವರು ಹೀಗೆ ಚೇತರಿಸಿಕೊಂಡು ಮತ್ತೆ ತಮ್ಮವರನ್ನು ಕೂಡಿಕೊಂಡರು. ಇಂತಹ ಕಾರ್ಯಗಳಿಗೆ ಪದಕವಿಲ್ಲ. ಆದರೂ ಈತನನ್ನು ಅರಿಯಬೇಕೆನ್ನುವವರು ಮೊದಲು ನೋಡಬೇಕಾದುದು ಇವುಗಳನ್ನೇ. ಏಕೆಂದರೆ ಮುಂದೆ ಜಗತ್ತು ಕೊಂಡಾಡಿದ ಸಾಹಸವು ಈ ದಿನನಿತ್ಯದ ಕರ್ತವ್ಯದಿಂದಲೇ ಬೆಳೆದುದು.

ಯುದ್ಧದಲ್ಲಿ ಗಾಯಾಳುವಿನ ಪಯಣದ ಕ್ರಮವನ್ನು ಇಲ್ಲಿ ತಿಳಿದಿರುವುದು ಅಗತ್ಯ. ಬಿದ್ದವನನ್ನು ಮೊದಲು ಪಟಾಲಮಿನ ಡೋಲಿಯವರು ಎತ್ತಿ ತಮ್ಮ ವೈದ್ಯನಿದ್ದ ಮುಂಗಡೆಯ ಚಿಕಿತ್ಸಾಸ್ಥಾನಕ್ಕೆ ತರುವರು. ಅಲ್ಲಿ ರಕ್ತವನ್ನು ನಿಲ್ಲಿಸಿ, ಕಟ್ಟು ಕಟ್ಟಿ, ಹಿಂದಿನ ಸ್ಥಾನಕ್ಕೆ ಕಳುಹಿಸುವರು. ಅಲ್ಲಿಂದ ಮೋಟಾರು ಗಾಡಿಯಲ್ಲಿ ಶಸ್ತ್ರಕ್ರಿಯೆಯ ಆಸ್ಪತ್ರೆಗೆ ಒಯ್ಯುವರು. ಪೆನಿಸಿಲಿನ್ ಔಷಧವು ಕಂಡುಬಂದುದೇ 1928ರಲ್ಲಿ. ಆದಕಾರಣ ಅಂದು ಗಾಯಾಳುವಿನ ಬಾಳು ಕಾಲದ ಮೇಲೆಯೇ ನಿಂತಿದ್ದಿತು. ಈ ಪಯಣದಲ್ಲಿ ಎಲ್ಲಕ್ಕಿಂತ ಕಠಿಣವಾದುದು ಮೊದಲನೆಯ ಹಂತ. ಎರಡು ಸೈನ್ಯಗಳ ಕಂದಕಗಳ ನಡುವಿನ ಬಯಲಿನಲ್ಲಿ ಬಿದ್ದವನ ಬಳಿಗೆ ಯಾರೂ ಹೋಗಲಾರದೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿಯೇ ಎಷ್ಟೋ ಮಂದಿ ಎರಡು ಮೂರು ದಿನ ನರಳಿ ಸಾಯುತ್ತಿದ್ದರು. ವೈದ್ಯನು ತನ್ನ ಸ್ಥಾನದಲ್ಲಿಯೇ ಇರಬೇಕು, ಬಯಲಿಗೆ ಹೋಗುವುದು ಡೋಲಿಯವರ ಕೆಲಸ ಎಂಬುದು ಸಾಮಾನ್ಯವಾದ ಕಟ್ಟಳೆ. ನೋಯೆಲನು ಈ ಅಂತರವನ್ನು ಒಪ್ಪಿಕೊಳ್ಳಲಿಲ್ಲ.

1915ರ ಜೂನ್ 16ರಂದು ಈಪ್ರ್ ಸಮೀಪದ ಹೂಗೆ ಎಂಬಲ್ಲಿ ಪಟಾಲಮು ಮೊದಲನೆಯ ದೊಡ್ಡ ದಾಳಿಯನ್ನು ಮಾಡಿತು. ಅಂದು ಕಾದಲು ಹೋದ 542 ಮಂದಿಯಲ್ಲಿ 400 ಮಂದಿ ಸತ್ತೋ ಗಾಯಗೊಂಡೋ ಕಣ್ಮರೆಯಾಗಿಯೋ ಹೋದರು. ಅವರಲ್ಲಿ ಬಹುಮಂದಿಯನ್ನು ನೋಯೆಲನು ಹೆಸರಿನಿಂದ ಬಲ್ಲವನಾಗಿದ್ದನು. ಗಾಯಾಳುಗಳಲ್ಲಿ ಒಬ್ಬನೂ ಹಿಂದೆ ಉಳಿಯಬಾರದೆಂದು ಈತನು ಆ ಬಯಲನ್ನೆಲ್ಲ ಶೋಧಿಸಿದನು. ಈ ಕಾರ್ಯಕ್ಕಾಗಿ ಮಿಲಿಟರಿ ಕ್ರಾಸ್ ಎಂಬ ಪದಕವು ದೊರೆಯಿತು. ಅದೇ ವರ್ಷ ಆಗಸ್ಟಿನಲ್ಲಿ ಕ್ಯಾಪ್ಟನ್ ಪದವಿಯೂ ಪ್ರಾಪ್ತವಾಯಿತು.

1916ರ ಆಗಸ್ಟ್ 9ರಂದು ಫ್ರಾನ್ಸಿನ ಸೋಮ್ ಯುದ್ಧದಲ್ಲಿ ಗೀಮಾಂ ಗ್ರಾಮದ ಮೇಲೆ ನಡೆದ ದಾಳಿಯು ವಿಫಲವಾಯಿತು. ಅಂದು ಹಗಲೆಲ್ಲ ನೋಯೆಲನು ಶತ್ರುವಿನ ಕಣ್ಣಿಗೆ ಬೀಳುವಂತಹ ಬಯಲಿನಲ್ಲಿಯೇ ಗಾಯಾಳುಗಳ ಶುಶ್ರೂಷೆಯನ್ನು ನಡೆಸಿದನು. ರಾತ್ರಿಯಾದ ಮೇಲೆ ಶತ್ರುವಿನ ಕಂದಕದ ಇದಿರಿನಲ್ಲಿ ನಾಲ್ಕು ಗಂಟೆಗಳ ಕಾಲ ಬಿದ್ದವರನ್ನು ಹುಡುಕಿದನು. ಮರುದಿನ ಒಬ್ಬನೇ ಡೋಲಿಯವನೊಡನೆ ಮುಂದಿನ ಕಂದಕಗಳಿಗೆ ಹೋಗಿ, ಪ್ರಾಣಾಪಾಯದಲ್ಲಿದ್ದ ಸೈನಿಕನೊಬ್ಬನನ್ನು ಸಿಡಿಗುಂಡುಗಳ ಮಳೆಯಲ್ಲಿ 500 ಗಜಗಳಷ್ಟು ದೂರ ಹೊತ್ತು ತಂದನು. ಆಗ ಗುಂಡಿನ ಚೂರೊಂದು ಪಕ್ಕೆಗೆ ತಗುಲಿತು. ಹೀಗೆ ಗಾಯಗೊಂಡಿದ್ದರೂ ಅದೇ ರಾತ್ರಿ 20 ಮಂದಿ ಸ್ವಯಂಸೇವಕರನ್ನು ಕೂಡಿಕೊಂಡು ಮತ್ತೆ ಹೊರಟು, ಶತ್ರುವಿನ ಕಂದಕಕ್ಕೆ ಕೇವಲ 25 ಗಜ ದೂರದ ಹಳ್ಳವೊಂದರಿಂದ ಮೂವರನ್ನು ಎತ್ತಿ ತಂದನು. ಇಬ್ಬರು ಅಧಿಕಾರಿಗಳ ದೇಹಗಳನ್ನು ಹೂಳಿದನು. ಸತ್ತವರ ಗುರುತಿನ ಬಿಲ್ಲೆಗಳನ್ನು ಕೂಡಿಸಿ ತಂದನು. ಈ ಬಿಲ್ಲೆಗಳ ಬೆಲೆಯನ್ನು ಮನೆಯವರೇ ಬಲ್ಲರು. ಮಗನು ಸತ್ತನೋ ಬದುಕಿರುವನೋ ಎಂದು ತಿಳಿಯದೆ ವರ್ಷಗಟ್ಟಳೆ ಕೊರಗುವ ತಾಯಂದಿರಿಗೆ ಆ ಚಿಕ್ಕ ಬಿಲ್ಲೆಯೊಂದೇ ಉತ್ತರವಾಗಿದ್ದಿತು. ಆ ಎರಡು ದಿನಗಳಲ್ಲಿ ವಿಷಮ ಗಾಯಗಳಾಗಿದ್ದ ಸುಮಾರು 20 ಮಂದಿಯ ಪ್ರಾಣವು ಈತನಿಂದ ಉಳಿಯಿತೆಂದು ಸರ್ಕಾರದ ಪ್ರಕಟಣೆಯು ಸಾರಿತು. 1916ರ ಅಕ್ಟೋಬರ್ 26ರಂದು ವಿಕ್ಟೋರಿಯಾ ಕ್ರಾಸ್ ಘೋಷಿತವಾಯಿತು. 1917ರ ಫೆಬ್ರವರಿ 5ರಂದು ಐದನೆಯ ಜಾರ್ಜ್ ದೊರೆಯು ಅದನ್ನು ತನ್ನ ಕೈಯಿಂದಲೇ ಈತನಿಗೆ ತೊಡಿಸಿದನು.

ಈ ನಡುವೆ ನೋಯೆಲನಿಗೂ ಬಂಧುವರ್ಗದವಳೇ ಆದ ಗ್ಲಾಡಿಸ್ ಎಂಬ ಕನ್ಯೆಗೂ ವಿವಾಹವು ನಿಶ್ಚಯವಾಗಿದ್ದಿತು. 1917ರ ಬೇಸಗೆಯಲ್ಲಿ ಮದುವೆಯಾಗಬೇಕೆಂಬ ಆಲೋಚನೆಯಿದ್ದಿತು. ಷವಾಸ್ ಮನೆತನದ ನಾಲ್ವರು ಗಂಡುಮಕ್ಕಳೂ ಆಗ ಯುದ್ಧದಲ್ಲಿದ್ದರು. ಕ್ರಿಸ್ಟಫರನು ಸೈನ್ಯದ ಪಾದ್ರಿಯಾಗಿಯೂ ಬರ್ನಾರ್ಡನು ವೈದ್ಯನಾಗಿಯೂ ಕಿರಿಯನಾದ ಏಡನನು ಕಾಲಾಳು ದಳದ ಅಧಿಕಾರಿಯಾಗಿಯೂ ಸೇವೆ ಸಲ್ಲಿಸುತ್ತಿದ್ದರು. 1917ರ ಜುಲೈ ಮೊದಲ ವಾರದಲ್ಲಿ ರಾತ್ರಿಯ ಗಸ್ತಿಗೆ ಹೋದ ಏಡನನು ಹಿಂದಿರುಗಲಿಲ್ಲ. ಅವನ ದೇಹವು ಎಂದಿಗೂ ಸಿಕ್ಕಲಿಲ್ಲ. ಈ ದುಃಖವು ಇನ್ನೂ ಹಸಿಯಾಗಿರುವಾಗಲೇ ನೋಯೆಲನ ಕೊನೆಯ ಕಾಳಗವು ಪ್ರಾಪ್ತವಾಯಿತು.

ಅದೇ ಜುಲೈ 31ರಂದು ಮೂರನೆಯ ಈಪ್ರ್ ಯುದ್ಧವು ಪ್ರಾರಂಭವಾಯಿತು. ವೀಲ್ಟ್ಯೆ ಗ್ರಾಮದ ಆಚೆ, ಜರ್ಮನರಿಂದ ಕಿತ್ತುಕೊಂಡ ನೆಲಮಾಳಿಗೆಯೊಂದರಲ್ಲಿ ನೋಯೆಲನು ಚಿಕಿತ್ಸಾಸ್ಥಾನವನ್ನು ಏರ್ಪಡಿಸಿದನು. ಆ ದಿನವೇ ತಲೆಗೆ ಬಲವಾದ ಪೆಟ್ಟು ಬಿದ್ದಿತು. ಗಾಯವನ್ನು ಕಟ್ಟಿಸಿಕೊಂಡವನಿಗೆ ಹಿಂದಕ್ಕೆ ಹೋಗುವ ಹಕ್ಕಿದ್ದಿತು. ಹೋಗೆಂದು ಹೇಳುವವರೂ ಇದ್ದರು. ಈತನು ಮರಳಿ ತನ್ನ ಸ್ಥಾನಕ್ಕೇ ಬಂದನು. ಮಳೆಯು ಆರಂಭವಾಗಿ, ಗುಂಡುಗಳಿಂದ ಹಳ್ಳಬಿದ್ದ ನೆಲವೆಲ್ಲವೂ ಕೆಸರಿನ ಮಡುವಾಯಿತು. ಎರಡು ದಿನಗಳ ಕಾಲ ಹೆಚ್ಚುಕಡಮೆ ನಿರಾಹಾರನಾಗಿ, ಗಾಯದ ನೋವಿನಿಂದಲೂ ದಣಿವಿನಿಂದಲೂ ಸೊರಗಿದ್ದರೂ, ಒಳಗೆ ಬಂದವರಿಗೆ ಕಟ್ಟುಗಳನ್ನು ಕಟ್ಟುತ್ತಲೂ ರಾತ್ರಿಗಳಲ್ಲಿ ಹೊರಗೆ ಹೋಗಿ ಬಿದ್ದವರನ್ನು ಹುಡುಕಿ ತರುತ್ತಲೂ ಇದ್ದನು. ಆಗಸ್ಟ್ 2ರ ಮುಂಜಾವದಲ್ಲಿ ಸಿಡಿಗುಂಡೊಂದು ಆ ನೆಲಮಾಳಿಗೆಯೊಳಕ್ಕೇ ನುಗ್ಗಿತು. ಅಲ್ಲಿದ್ದವರು ಸತ್ತರು ಇಲ್ಲವೆ ಗಾಯಗೊಂಡರು. ಹೊಟ್ಟೆಗೆ ಭಯಂಕರವಾದ ಗಾಯವಾಗಿದ್ದರೂ ನೋಯೆಲನು ತೆವಳುತ್ತ ಹೊರಬಂದು, ದಾರಿಯುದ್ದಕ್ಕೂ ದೇಹವನ್ನು ಎಳೆದುಕೊಂಡು ಹೋಗಿ, ಒಳಗಿದ್ದವರಿಗಾಗಿ ನೆರವನ್ನು ಬೇಡಿದನು.

ಈತನನ್ನು ಹಿಂದಕ್ಕೆ ತಂದ ಗಾಡಿಯು 46ನೆಯ ಫೀಲ್ಡ್ ಆಂಬುಲೆನ್ಸ್ ದಳದ್ದು. ಆ ದಳದ ಅಧಿಪತಿಯಾಗಿದ್ದವನು ಆರ್ಥರ್ ಮಾರ್ಟಿನ್ ಲೀಕ್. ದಕ್ಷಿಣ ಆಫ್ರಿಕದಲ್ಲಿ 1902ರಲ್ಲಿಯೂ ಬೆಲ್ಜಿಯಮಿನಲ್ಲಿ 1914ರಲ್ಲಿಯೂ ಗಾಯಾಳುಗಳ ರಕ್ಷಣೆಯಲ್ಲಿ ತೋರಿದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸನ್ನು ಎರಡು ಸಾರಿ ಪಡೆದ ಮೊದಲಿಗನು ಆತನೇ. ಆತನೂ ವೈದ್ಯನು, ಶಾಂತಿಯ ಕಾಲದಲ್ಲಿ ಭಾರತದಲ್ಲಿದ್ದು ಬಂಗಾಳ-ನಾಗಪುರ ರೈಲ್ವೆಯ ವೈದ್ಯಾಧಿಕಾರಿಯಾಗಿ ಬಹುಕಾಲ ದುಡಿದವನು. ಹೀಗೆ ಆ ಗೌರವವನ್ನು ಇಮ್ಮಡಿಯಾಗಿ ಪಡೆದವರಲ್ಲಿ ಮೊದಲನೆಯವನ ದಳವೇ ಎರಡನೆಯವನನ್ನು ಆಸ್ಪತ್ರೆಗೆ ಸಾಗಿಸಿತು. ಮೂರನೆಯವನಾದ ನ್ಯೂಜಿಲೆಂಡಿನ ಚಾರ್ಲ್ಸ್ ಅಪ್‌ಹ್ಯಾಮನು ಎರಡನೆಯ ಮಹಾಯುದ್ಧದ ಯೋಧನು. ಮೂವರಲ್ಲಿ ಇಬ್ಬರು ವೈದ್ಯರೆಂಬುದು ಮನಸ್ಸಿನಲ್ಲಿಡತಕ್ಕ ಸಂಗತಿ.

ಬ್ರಾಂಡ್‌ಹೂಕಿನಲ್ಲಿದ್ದ ಆಸ್ಪತ್ರೆಯು ಹೊಟ್ಟೆಯ ಗಾಯಗಳಿಗೆಂದೇ ರಣರಂಗಕ್ಕೆ ತೀರ ಸಮೀಪದಲ್ಲಿ ಸ್ಥಾಪಿತವಾಗಿದ್ದಿತು. ಅಂತಹ ಗಾಯಗಳಲ್ಲಿ ಕೆಲವು ಗಂಟೆಗಳೊಳಗಾಗಿ ಶಸ್ತ್ರಕ್ರಿಯೆಯಾಗದಿದ್ದರೆ ಬದುಕುವ ಆಸೆಯಿಲ್ಲವೆಂಬುದು ಯುದ್ಧದ ಅನುಭವವು ಕಲಿಸಿದ ಪಾಠ. ಗಾಯಾಳುವಿಗೂ ವೈದ್ಯನಿಗೂ ನಡುವಣ ದೂರವು ಕುಗ್ಗಬೇಕೆಂದು ನೋಯೆಲನು ಹಂಬಲಿಸಿದ ತತ್ತ್ವವೇ ಅಲ್ಲಿ ರೂಪುಗೊಂಡಿದ್ದಿತು. ಶಸ್ತ್ರಕ್ರಿಯೆ ನಡೆಯಿತು, ಆದರೆ ದೇಹದಲ್ಲಿ ಶಕ್ತಿಯು ಉಳಿದಿರಲಿಲ್ಲ. 1917ರ ಆಗಸ್ಟ್ 4ರಂದು ಮಧ್ಯಾಹ್ನ ಈತನು ದೇಹವನ್ನು ಬಿಟ್ಟನು. ಮದುವೆಯ ಸಡಗರದಲ್ಲಿರಬೇಕಾಗಿದ್ದ ಮನೆಗೆ ಮರಣದ ವಾರ್ತೆಯು ಮುಟ್ಟಿತು. ಸೆಪ್ಟೆಂಬರ್ 14ರಂದು ಎರಡನೆಯ ವಿಕ್ಟೋರಿಯಾ ಕ್ರಾಸ್ ಘೋಷಿತವಾದಾಗ ಅದನ್ನು ಧರಿಸಲು ವೀರನು ಇರಲಿಲ್ಲ.

ಇಲ್ಲಿ ವಿಚಾರವಂತರಿಗೆ ಒಂದು ಶಂಕೆಯು ಏಳದಿರದು. ತಲೆಗೆ ಗಾಯವಾದಾಗಲೇ ಈತನು ಹಿಂದಕ್ಕೆ ಹೋಗಿದ್ದರೆ ಬದುಕುತ್ತಿದ್ದನಷ್ಟೆ. ನುರಿತ ವೈದ್ಯನೊಬ್ಬನು ಬದುಕಿದ್ದರೆ ಮುಂದೆ ನೂರಾರು ಮಂದಿಯನ್ನು ಉಳಿಸಬಹುದಾಗಿದ್ದಿತಲ್ಲವೆ? ವೈದ್ಯನು ಸ್ಥಾನವನ್ನು ಬಿಡಬಾರದೆಂಬ ಕಟ್ಟಳೆಯ ಹಿಂದಿದ್ದ ಯುಕ್ತಿಯೂ ಇದೇ. ಈ ಯುಕ್ತಿಯು ಪೊಳ್ಳಾದುದಲ್ಲ. ಬ್ರಾಂಡ್‌ಹೂಕಿನ ಆಸ್ಪತ್ರೆಗಳ ಮೇಲೆಯೇ ಅದೇ ಆಗಸ್ಟ್ 21ರಂದು ಗುಂಡು ಬಿದ್ದು ನೆಲ್ಲಿ ಸ್ಪಿಂಡ್ಲರ್ ಎಂಬ ದಾದಿಯು ಮಡಿದಳು. ಬಳಿಕ ಅವುಗಳನ್ನು ಹಿಂದಕ್ಕೆ ಸಾಗಿಸಬೇಕಾಯಿತು. ಸಮೀಪಕ್ಕೆ ಹೋದವನು ಅಪಾಯಕ್ಕೂ ಸಮೀಪನಾಗುವನು. ಆದರೆ ಲೆಕ್ಕದ ಇನ್ನೊಂದು ಪಕ್ಕವನ್ನೂ ನೋಡಬೇಕು. ದಾಳಿಗೆ ಹೊರಡುವ ಸಾಮಾನ್ಯ ಸೈನಿಕನಿಗೆ ಹಿಂದಕ್ಕೆ ಹೋಗುವ ಆಯ್ಕೆಯಿರಲಿಲ್ಲ. ತಾನು ಬಿದ್ದರೆ ವೈದ್ಯನು ಬಂದೇ ಬರುವನೆಂಬ ನಂಬಿಕೆಯೊಂದೇ ಅವನ ಪಾಲಿನ ಔಷಧ. ಆ ನಂಬಿಕೆಯನ್ನು ಕಟ್ಟಳೆಯಿಂದ ಉಂಟುಮಾಡಲಾಗದು. ಒಬ್ಬನು ನಿಜವಾಗಿ ಬಂದು ತೋರಿಸಬೇಕು. ನೋಯೆಲನು ದುಡುಕಿನವನಾಗಿರಲಿಲ್ಲ. ಕಾಲುಚೀಲವನ್ನೂ ಪ್ರತಿವಿಷವನ್ನೂ ಎಣಿಸಿ ಎಣಿಸಿ ಒದಗಿಸಿದವನು ಅಪಾಯವನ್ನು ಎಣಿಸದೆ ಹೋದನೆಂದು ತಿಳಿಯುವುದು ಸರಿಯಲ್ಲ. ಎಣಿಸಿಯೇ ಹೋದನು.

ಈತನ ಸಮಾಧಿಯು ಬ್ರಾಂಡ್‌ಹೂಕಿನ ಹೊಸ ಸೈನಿಕ ಸ್ಮಶಾನದಲ್ಲಿದೆ. ಎರಡು ವಿಕ್ಟೋರಿಯಾ ಕ್ರಾಸುಗಳ ಆಕೃತಿಯನ್ನು ಕೆತ್ತಿದ ಶಿಲೆಯು ಆ ಯುದ್ಧದ ಸ್ಮಶಾನಗಳಲ್ಲೆಲ್ಲ ಅದೊಂದೇ. ಅವಳಿ ಸೋದರನಾದ ಕ್ರಿಸ್ಟಫರನು ತಂದೆಯ ಸಂಕಲ್ಪದಂತೆ 1929ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಪೀಟರ್ಸ್ ಹಾಲ್ ಎಂಬ ವಿದ್ಯಾಸಂಸ್ಥೆಗೆ ಮೊದಲ ಮುಖ್ಯನಾಗಿ, 1940ರಲ್ಲಿ ರಾಚೆಸ್ಟರಿನ ಬಿಷಪ್ ಆದನು. ಬರ್ನಾರ್ಡನು ಮೆಳ್ಳೆಗಣ್ಣಿನ ಚಿಕಿತ್ಸೆಯಲ್ಲಿ ಪ್ರಖ್ಯಾತನಾದ ನೇತ್ರವೈದ್ಯನಾದನು. ನೋಯೆಲನ ಪದಕಗಳು ಬಹುಕಾಲ ಆ ವಿದ್ಯಾಸಂಸ್ಥೆಯ ಸ್ವತ್ತಾಗಿದ್ದು, 2009ರಲ್ಲಿ ಸುಮಾರು 15 ಲಕ್ಷ ಪೌಂಡುಗಳಿಗೆ ಮಾರಾಟವಾದುವು. ಲಿವರ್‌ಪೂಲಿನಲ್ಲಿ ಈತನ ಸ್ಮಾರಕವಾಗಿ ನಿಲ್ಲಿಸಿದ ಶಿಲ್ಪದಲ್ಲಿ, ಗಾಯಾಳುವಿಗೆ ನೆರವಾಗುತ್ತಿರುವ ವೈದ್ಯನ ರೂಪವೇ ಕಾಣಿಸುತ್ತದೆ.

ಪದಕಗಳಿಗೆ ಬೆಲೆ ಕಟ್ಟಬಹುದು. ಅವುಗಳನ್ನು ತಂದುಕೊಟ್ಟ ಗುಣಕ್ಕೆ ಬೆಲೆಯಿಲ್ಲ. 1908ರಲ್ಲಿ ಲಂಡನ್ನಿನ ಸಾವಿರಾರು ಪ್ರೇಕ್ಷಕರ ಮುಂದೆ ತನ್ನ ಗೆಲವಿಗಾಗಿ 400 ಮೀಟರ್ ಓಡಿ ಮೂರನೆಯವನಾದ ತರುಣನು, 1916ರಲ್ಲಿ ಹೊಗಳುವವರೊಬ್ಬರೂ ಇಲ್ಲದ ಬಯಲಿನಲ್ಲಿ ಇನ್ನೊಬ್ಬನ ಪ್ರಾಣಕ್ಕಾಗಿ 500 ಗಜ ಭಾರವನ್ನು ಹೊತ್ತು ನಡೆದನು. ದೇಹವನ್ನು ಹುರಿಗೊಳಿಸುವ ಕ್ರೀಡೆಯೂ ಬುದ್ಧಿಯನ್ನು ಹರಿತಗೊಳಿಸುವ ವಿದ್ಯೆಯೂ ಸಾರ್ಥಕವಾಗುವುದು ಅವು ಪರರ ಸಂಕಟದ ಬಳಿಗೆ ನಮ್ಮನ್ನು ಕೊಂಡೊಯ್ದಾಗ. ನೊಂದವನು ನಮ್ಮ ಬಳಿಗೆ ಬರಲೆಂದು ಕಾಯುವುದು ಸುಲಭ. ನಾವೇ ಅವನಿದ್ದಲ್ಲಿಗೆ ಹೋಗುವುದು ಕಷ್ಟ. ಆ ಕಷ್ಟದ ದಾರಿಯನ್ನು ಕೊನೆಯ ಉಸಿರಿನವರೆಗೆ ನಡೆದವನ ಚರಿತ್ರೆಯು, ವಿದ್ಯಾರ್ಥಿಗಳಿಗೂ ವೈದ್ಯರಿಗೂ ಸೇವಾವ್ರತಿಗಳೆಲ್ಲರಿಗೂ ಸ್ಮರಣೀಯವಾಗಿದೆ.